ಪೆನ್ಸಿಲಿನ ದಾರಿ

ಪೊಲೀಸರಿಗೂ ನಾನು ಹೇಳಿದ್ದು ಇಷ್ಟೇ. ಹಾರ್ಲನ್ ತಮಾಷೆಗೆಂದು ನಮ್ಮ ಗೆಳೆಯ ವರ್ನನ ಕಾಗದದ ನಕ್ಷೆಯಲ್ಲಿ ಪೆನ್ಸಿಲಿನಿಂದ ಇಲ್ಲದ ದಾರಿಯೊಂದನ್ನು ಎಳೆದಿದ್ದ. ಅದನ್ನು ನಂಬಿ ನೆವಾಡಾದ ಉಪ್ಪುಬಯಲಿಗೆ ಬೈಕ್ ಇಳಿಸಿದ ವರ್ನ್ ನೀರಿಲ್ಲದೆ ಸತ್ತ. ಹಾರ್ಲನ್ ಬಿಟ್ಟರೆ ವಿಷಯ ಗೊತ್ತಿದ್ದವನು ನಾನೊಬ್ಬನೇ, ಆಗ ಯಾರೆದುರೂ ಬಾಯಿ ಬಿಟ್ಟಿರಲಿಲ್ಲ.

ಮರುವರ್ಷ ಜುಲೈನಲ್ಲಿ ನಾನೂ ಹಾರ್ಲನ್ನೂ ವರ್ನ್ ಹೋಗಿದ್ದ ಅದೇ ಹೆದ್ದಾರಿಯಲ್ಲಿ ಬೈಕುಗಳಲ್ಲಿ ಹೊರಟಿದ್ದೆವು. ನಡುಮಧ್ಯಾಹ್ನ ಹಾರ್ಲನ್‌ನ ಜಿಪಿಎಸ್ "ಎಡಕ್ಕೆ ತಿರುಗಿ" ಎಂದಿತು. ಎಡಕ್ಕೆ ಬರೀ ಉಪ್ಪು.

"ಇದಕ್ಕೇನಾದ್ರೂ ತಲೆ ಕೆಟ್ಟಿದ್ಯಾ?" ಎಂದು ನಗುತ್ತ ಹಾರ್ಲನ್ ಬೈಕ್ ನಿಲ್ಲಿಸಿ ಜಿಪಿಎಸ್ ಆರಿಸಿದ. ಆರಿದ ಮೇಲೂ ಅದು ಅದನ್ನೇ ಹೇಳಿತು. ನಾನು ಪರದೆ ಮುಟ್ಟಿ ನೋಡಿದೆ. ಆ ಸುಡುಬಿಸಿಲಲ್ಲೂ ಅದು ಮಂಜಿನಂತೆ ಕೊರೆಯುತ್ತಿತ್ತು.

"ವಾಪಸ್ ಹೋಗೋಣ ಕಣೋ," ಎಂದೆ.

ಅಷ್ಟರಲ್ಲಿ ಅವನು ಕೂತಿದ್ದ ಬೈಕ್ ತಾನಾಗಿಯೇ ಎಡಕ್ಕೆ ತಿರುಗಿ ಉಪ್ಪಿಗಿಳಿಯಿತು.

"ಹಿಡ್ಕೊಳೋ! ಬ್ರೇಕ್ ಹಿಡೀತಿಲ್ಲ!"

ಕೈ ಚಾಚಿದ್ದರೆ ಸಿಗುತ್ತಿದ್ದ. ವರ್ನನ ಮುಖ ನೆನಪಾಯಿತು, ನಾನು ಚಾಚಲಿಲ್ಲ.

ಎರಡು ಗಂಟೆಯೊಳಗೆ ಪೊಲೀಸರಿಗೆ ಅವನ ಶವ ಸಿಕ್ಕಿತು. ಮೂರು ದಿನ ನೀರಿಲ್ಲದೆ ಸತ್ತಿದ್ದಾನೆಂದು ವೈದ್ಯರು ಬರೆದರು. ಆ ದಿನ ಬೆಳಿಗ್ಗೆಯಷ್ಟೇ ನನ್ನೆದುರು ಕೂತು ಹಾರ್ಲನ್ ಎರಡು ಲೋಟ ಕಾಫಿ ಕುಡಿದಿದ್ದ.