ಏಣಿ ತೆಗೆಯುವ ಮುಂಚೆ

"ಮ್ಯಾಲೆ ಯಾರಾರ..." ಎಂದು ಹಯಾತ್ ಸಾಬ್ ಕೂಗಲು ಬಾಯಿ ತೆರೆದದ್ದೇ ತಡ, ನಾಗು ಓಡಿಬಂದು ತನ್ನ ತುಟಿಯ ಮೇಲೆ ಬೆರಳಿಟ್ಟಳು.

"ಕೂಗಬ್ಯಾಡ್ರಿ ಸಾಬ್ರೇ. ಅಜ್ಜ ಮಲಗ್ಯಾನೆ. ಎದ್ರೆ ಮತ್ತೆ ಹತ್ತತಾನೆ."

ಹಯಾತ್ ಸಾಬ್ ಹೆಂಚು ಹೊದಿಸುವ ಕೆಲಸದವನು. ಯಾರ ಮನೆಯಲ್ಲೇ ಆಗಲಿ, ಗೋಡೆಗೆ ಒರಗಿಸಿದ ಏಣಿಯನ್ನು ತೆಗೆಯುವ ಮುಂಚೆ ಮುಖ ಮೇಲೆತ್ತಿ "ಮ್ಯಾಲೆ ಯಾರಾರ ಅದೀರಾ" ಎಂದು ಒಮ್ಮೆ ಕೂಗುವುದು ಅವನ ರೂಢಿ. ಹೆಂಚಿನ ಮೇಲೆ ಕಾಗೆ ಕೂಡ ಇಲ್ಲ ಅಂತ ಕಣ್ಣಿಗೆ ಕಾಣುತ್ತಿದ್ದರೂ ಕೂಗುತ್ತಿದ್ದ. ಓಣಿಯ ಹುಡುಗರು ಅವನ ಹಿಂದೆ ನಿಂತು ಅಣಕಿಸುತ್ತಿದ್ದರು.

ಇವತ್ತು ಅವನ ಏಣಿಯ ಮೆಟ್ಟಿಲು ಮುರಿದಿತ್ತು. ಪಿ.ಜೆ. ಬಡಾವಣೆಯಲ್ಲಿ ಹೊಸ ಮನೆಯೊಂದಕ್ಕೆ ಹೆಂಚು ಹಾಕುವುದು ಅರ್ಧಕ್ಕೆ ನಿಂತಿತ್ತು. ಅದಕ್ಕೇ ನಾಗುವಿನ ಮನೆಯ ಏಣಿ ಕೇಳಲು ಬಂದಿದ್ದ.

"ಖಾತ್ರಿನಾ ನಾಗವ್ವ, ಮಲಗ್ಯಾರಾ?" ಎಂದ.

"ಖಾತ್ರಿ. ಈಗ ನೋಡಿ ಬಂದೀನಿ. ಸಂಜಿ ತನಕ ಇಟ್ಕಳ್ರಿ. ನಾಳೆ ತನಕ ಇಟ್ಕಂಡ್ರೂ ಚಲೋನೇ."

ಅವನು ಇನ್ನೊಮ್ಮೆ ಮೇಲೆ ನೋಡಿದ. ಹಿತ್ತಲ ಕಡೆಯ ಇಳಿಜಾರು ಖಾಲಿಯಿತ್ತು. ಏಣಿಯನ್ನು ಹೆಗಲಿಗೇರಿಸಿ ಹೊರಟ.

ನಾಗು ಹಿತ್ತಲ ಬಾಗಿಲು ಹಾಕಿ ಉಸ್ಸೆಂದಳು. ಬೆಳಗಿನಿಂದ ಮೊದಲ ಸಲ ಅವಳಿಗೆ ನೆಮ್ಮದಿಯಾಗಿತ್ತು.

ಆವತ್ತು ಶನಿವಾರ. ಹರಿಹರದಲ್ಲಿ ಸೋದರತ್ತೆಯ ಮಗುವಿಗೆ ಹೆಸರಿಡುವ ಕಾರ್ಯ. ಅಪ್ಪ, ಅವ್ವ, ಅಜ್ಜಿ, ತಮ್ಮ ಎಲ್ಲರೂ ಬೆಳಗಿನ ಗಾಡಿಗೆ ಹೋಗಿದ್ದರು. ನಾಗುವಿಗೆ ಬೆಳಗಿನ ಸ್ಕೂಲು ಇತ್ತು, ಅದಕ್ಕೇ ಬಿಟ್ಟು ಹೋದರು. ಹಾಗಂತ ಅಪ್ಪ ಹೇಳಿದ. ನಿಜವಾದ ಕಾರಣ ಅಜ್ಜ, ಮನೆ ಬಿಟ್ಟು ಬರುವುದಿಲ್ಲ ಎಂದು ಹಟ ಹಿಡಿದಿದ್ದ. ಅಜ್ಜಿ ಸರ್ವಮಂಗಳಮ್ಮ ಜಟಕಾ ಹತ್ತುವಾಗ ನಾಗುವಿನ ಕಿವಿಯ ಹತ್ತಿರ ಬಗ್ಗಿ, ಆ ಮುದುಕ ಮನೆ ಮೇಲೆ ಹತ್ತದಂತೆ ನೋಡಿಕೋ, ನಮ್ಮ ಮಾತು ಕೇಳುವುದಿಲ್ಲ, ನಿನ್ನ ಮಾತಾದರೂ ಕೇಳುತ್ತಾನೇನೋ ಎಂದಿದ್ದಳು.

ಹರಿಹರದಲ್ಲಿ ಹೊಳೆ ಇದೆ. ಈಗ ತಮ್ಮ ಅದರಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಾನೆ. ನಾಗು ಇಲ್ಲಿ ಅರವತ್ತೇಳು ವರ್ಷದ ಅಜ್ಜನನ್ನು ಕಾಯಬೇಕು. ಐದನೇ ಕ್ಲಾಸಿನ ಬೇರೆ ಯಾವ ಹುಡುಗಿಗೂ ಇಂಥ ಕೆಲಸ ಇರಲಿಲ್ಲ.

ಅಜ್ಜ ಉಜ್ಜನಪ್ಪನ ಜಗಳ ಕೋತಿಗಳ ಜೊತೆ. ಪಕ್ಕದ ಓಣಿಯಲ್ಲಿ ಮಂಡಕ್ಕಿ ಭಟ್ಟಿಗಳಿದ್ದವು. ಅಲ್ಲಿ ಒಣಗಲು ಹರಡಿದ ಭತ್ತಕ್ಕೆ ಕೋತಿಗಳು ಬರುತ್ತಿದ್ದವು. ಭಟ್ಟಿಯವರು ಕೋಲು ತೋರಿಸಿದರೆ ಇವರ ಮನೆಯ ಮೇಲೆ ಬಂದು ಕೂರುತ್ತಿದ್ದವು. ಸುಮ್ಮನೆ ಕೂತರೆ ಪರವಾಗಿರಲಿಲ್ಲ. ಹೆಂಚು ಎತ್ತಿ ಒಳಗೆ ಇಣುಕುತ್ತಿದ್ದವು. ಅಜ್ಜ ಹತ್ತಿ ಸರಿ ಮಾಡುತ್ತಿದ್ದ. ಮರುದಿನ ಅವು ಮತ್ತೆ ಎತ್ತುತ್ತಿದ್ದವು.

ಅದು ಬರಿಗಾಲಲ್ಲಿ ಹತ್ತಬೇಕಾದ ಮನೆ ಎಂದು ಹಯಾತ್ ಸಾಬ್ ಎಷ್ಟೋ ಸಲ ಹೇಳಿದ್ದ. ಸೊಂಟಕ್ಕೆ ಹಗ್ಗ ಇರಬೇಕು. ಹೆಂಚಿನ ನಡುವೆ ಕಾಲಿಡಬಾರದು, ಕೆಳಗೆ ಮರದ ರೀಪಿನ ಪಟ್ಟಿ ಇರುವ ಕಡೆಯೇ ಇಡಬೇಕು. ಭಟ್ಟಿಯಲ್ಲಿ ಸುಟ್ಟ ಹೊಟ್ಟಿನ ಬೂದಿ ಹಾರಿಬಂದು ಹೆಂಚಿನ ಮೇಲೆ ಪೌಡರಿನ ಹಾಗೆ ಕೂತಿರುತ್ತದೆ. ನಾಲ್ಕು ಹನಿ ಬಿದ್ದರೆ ಸಾಕು, ಸೋಪು ಹಚ್ಚಿದಂತೆ ಜಾರುತ್ತದೆ. ಜೋರು ಮಳೆಗಿಂತ ಆ ನಾಲ್ಕು ಹನಿಯೇ ಕೆಟ್ಟದ್ದು.

ಇದಕ್ಕೆಲ್ಲ ಅಜ್ಜನದು ಒಂದೇ ಉತ್ತರ. "ಹಗ್ಗ ಕಟ್ಟಾಕೆ ನಾನೇನು ಎತ್ತಾ? ಈ ಮನಿ ಕಟ್ಟಿಸಿದಾವ ನಾನು."

ಆದರೆ ಇವತ್ತು ಏಣಿಯೇ ಇಲ್ಲ. ಇನ್ನು ಹೆಂಗೆ ಹತ್ತುತ್ತಾನೆ ನೋಡೋಣ ಎಂದುಕೊಂಡು ನಾಗು ಒಂದು ಬಟ್ಟಲು ಮಂಡಕ್ಕಿ ತಗೊಂಡು ಪಡಸಾಲೆಯಲ್ಲಿ ಲೆಕ್ಕ ಬಿಡಿಸಲು ಕೂತಳು.

ಎರಡನೇ ಲೆಕ್ಕದಲ್ಲಿದ್ದಾಗ ಮೇಲಿನಿಂದ ಅಂಗಳಕ್ಕೆ ಒಂದು ಚಪ್ಪಲಿ ಬಿತ್ತು.

ನಾಗು ಅದನ್ನೇ ನೋಡಿದಳು. ಹೆಬ್ಬೆಟ್ಟಿನ ಹತ್ತಿರ ಹೊಲಿಗೆ ಬಿಟ್ಟ ಚಪ್ಪಲಿ. ಒಳಕೋಣೆಗೆ ಓಡಿದಳು. ಕತ್ತಲಲ್ಲಿ ಮಂಚದ ಮೇಲೆ ಅಜ್ಜ ಕಂಬಳಿ ಹೊದ್ದು ಮಲಗೇ ಇದ್ದ. ಕಂಬಳಿ ಎಳೆದಳು. ಎರಡು ದಿಂಬು.

ಅಂಗಳಕ್ಕೆ ಬಂದು ತಲೆ ಎತ್ತಿದರೆ, ಬೀದಿ ಕಡೆಯ ಇಳಿಜಾರಿನಲ್ಲಿ, ನೆತ್ತಿಯ ಹತ್ತಿರ ಅಜ್ಜ ಧೋತರ ಎತ್ತಿ ಕಟ್ಟಿ ಕೂತಿದ್ದ. ಒಂದು ಕಾಲಲ್ಲಿ ಚಪ್ಪಲಿ ಇತ್ತು.

"ಚಪ್ಪಲಿ ಹಾಕ್ಕಂಡ್ ಹತ್ತೀಯಾ?" ಅವಳ ಬಾಯಿಗೆ ಮೊದಲು ಬಂದದ್ದು ಅದೇ.

"ಹಂಚು ಸುಡ್ತೈತೆ. ಏಣಿ ಎಲ್ಲೈತೆ? ಆ ಕಡೆ ನೋಡಿದೆ, ಇಲ್ಲ."

"ದಿಂಬು ಮಲಗಿಸಿ ನನಗೆ ಮೋಸ ಮಾಡೀಯಲ್ಲ ಅಜ್ಜ."

"ಏಣಿ ಎಲ್ಲೈತೆ ಅಂತ ಕೇಳ್ದೆ."

"ಹಯಾತ್ ಸಾಬ್ರು ತಗಂಡೋದ್ರು. ನಾನೇ ಕೊಟ್ಟೆ."

ನಾಗು ಸ್ಕೂಲಿನಿಂದ ಬಂದದ್ದು ಅಜ್ಜನಿಗೆ ಮೇಲಿನಿಂದಲೇ ಕಂಡಿತ್ತಂತೆ. ಅವಳು ಒಳಗೆ ಹೋದ ಮೇಲೆ, ಸಿಕ್ಕಿಬೀಳಬಾರದೆಂದು ಬೀದಿ ಕಡೆಯ ಇಳಿಜಾರಿಗೆ ಸರಿದು ಉಸಿರು ಬಿಗಿಹಿಡಿದು ಕೂತಿದ್ದನಂತೆ. ಹಿತ್ತಲಲ್ಲಿ ಮಾತು ಕೇಳಿದರೂ ಅದಕ್ಕೇ ಇಣುಕಲಿಲ್ಲವಂತೆ.

"ಸಾಬ ಕೂಗಿದ್ರೆ ಓ ಅಂತಿದ್ದೆ," ಎಂದ. "ಕೂಗದೆ ಏಣಿ ಮುಟ್ಟಾವನಲ್ಲ ಅವ. ಇವತ್ತೇನಾಗಿತ್ತು ಅವನಿಗೆ?"

ನಾಗು ಮಾತು ತಿರುಗಿಸಿದಳು. ಅಲ್ಲೇ ಕೂತಿರು, ಓಡಿಹೋಗಿ ಏಣಿ ತರಿಸುತ್ತೇನೆ ಎಂದಳು. ಯಾರೂ ಬೇಡ, ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಇಳಿಯುತ್ತೇನೆ ಎಂದ ಅಜ್ಜ. ಕೂತಿರು ಎಂದಳು. ನೀನು ನನಗೆ ಹೇಳಬೇಡ ಎಂದ. ಅಷ್ಟರಲ್ಲಿ ನಾಗುವಿನ ಮೂಗಿನ ಮೇಲೆ ಒಂದು ಹನಿ ಬಿತ್ತು. ಜೂನ್ ತಿಂಗಳು. ಮಳೆ ಇನ್ನೂ ಹಿಡಿದಿರಲಿಲ್ಲ, ದಿನಾ ಹೀಗೆ ಬಂದು ಹೋಗುತ್ತಿತ್ತು. ನಾಲ್ಕೇ ಹನಿ.

"ಅಜ್ಜ, ಬೂದಿ," ಎಂದಳು.

ಅಜ್ಜ ಎದ್ದು ನಿಂತೇಬಿಟ್ಟಿದ್ದ. ಎರಡು ಹೆಜ್ಜೆ ಕೆಳಗಿಟ್ಟ. ಮೂರನೆಯದಕ್ಕೆ ಚಪ್ಪಲಿಯ ಕಾಲು ಸರ್ರೆಂದು ಹೋಯಿತು. ಹೆಂಚೊಂದು ಲಟ್ಟೆಂದಿತು. ಅಜ್ಜ ಮಗುಚಿಕೊಂಡು ಹೊಟ್ಟೆಯ ಮೇಲೆ ಬಿದ್ದು ಒಂದು ಮಾರು ಜಾರಿದ. ಒಡೆದ ಹೆಂಚು ಅವನಿಗಿಂತ ಮೊದಲು ಕೆಳಗೆ ಬಂದು ನಾಗುವಿನ ಕಾಲ ಬಳಿ ಚೂರಾಯಿತು.

ಅಜ್ಜ ಬರಲಿಲ್ಲ. ಕೋತಿ ಎತ್ತಿಟ್ಟ ಹೆಂಚಿನ ಜಾಗ ಅಲ್ಲೊಂದು ಖಾಲಿಯಿತ್ತು. ಅದರೊಳಗೆ ಬಲಗೈ ತೂರಿಸಿ ರೀಪು ಹಿಡಿದಿದ್ದ.

ಓಡಿಹೋಗಿ ಸಾಬ್‌ನನ್ನು ಕರೆತರೋಣವೆಂದರೆ, ಇವಳು ಆಚೆ ಹೋದ ಕೂಡಲೇ ಅಜ್ಜ ಮತ್ತೆ ಏಳಲು ನೋಡುತ್ತಾನೆ. ಇಲ್ಲೇ ನಿಂತರೆ ಏಣಿ ತಾನಾಗಿ ನಡೆದು ಬರುವುದಿಲ್ಲ. ನಾಗುವಿಗೆ ಅಜ್ಜನ ಮೇಲೆ, ಕೋತಿಗಳ ಮೇಲೆ, ಹೊಳೆಯಲ್ಲಿ ಕಾಲಿಟ್ಟುಕೊಂಡಿರುವ ತಮ್ಮನ ಮೇಲೆ ಒಟ್ಟಿಗೇ ಸಿಟ್ಟು ಬಂತು. ಬಾವಿಕಟ್ಟೆಗೆ ಹೋಗಿ ಕೊಡಕ್ಕೆ ಕಟ್ಟಿದ್ದ ಸೇದುವ ಹಗ್ಗವನ್ನು ಬಿಚ್ಚಿದಳು. ಮನೆಯೊಳಗೆ ಗೋಡೆಯಲ್ಲೇ ಕಟ್ಟಿದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದಳು.

ಅಟ್ಟದಲ್ಲಿ ಹೆಂಚು ತಲೆಗೆ ತಾಗುವಷ್ಟು ಹತ್ತಿರ. ಬೆಳಕು ಬೀಳುತ್ತಿದ್ದ ಕಿಂಡಿಯಲ್ಲಿ ಅಜ್ಜನ ಕೈ ಕಂಡಿತು. ಕಿಂಡಿಯಲ್ಲಿ ಕೈ ಹಿಡಿಸುತ್ತಿತ್ತು, ಮನುಷ್ಯ ಹಿಡಿಸುತ್ತಿರಲಿಲ್ಲ. ಹಗ್ಗದ ತುದಿಯನ್ನು ಹೊರಗೆ ತಳ್ಳಿದಳು.

"ಬೆನ್ನು ಬಳಸಿ ತಗಂಡು ತುದಿ ವಾಪಸ್ ಕೊಡು."

"ನಾನೇನು..."

"ಎತ್ತಲ್ಲ ಅಂತ ಗೊತ್ತೈತೆ. ಎತ್ತಾಗಿದ್ರೆ ಹತ್ತತಿರಲಿಲ್ಲ."

ಸ್ವಲ್ಪ ಹೊತ್ತಿಗೆ ಹಗ್ಗದ ತುದಿ ಕಿಂಡಿಯಿಂದ ಒಳಗೆ ಬಂತು. ಅವಳು ಅದನ್ನು ಹಗ್ಗಕ್ಕೇ ಸೇರಿಸಿ ಮೂರು ಗಂಟು ಹಾಕಿದಳು. ಉಳಿದದ್ದನ್ನು ತೊಲೆಗೆ ಎರಡು ಸುತ್ತು ಸುತ್ತಿ ಬಿಗಿದಳು. ಅಲುಗಾಡಿದರೆ ಅಜ್ಜಿಗೆ ದಿಂಬಿನ ವಿಷಯ ಹೇಳುತ್ತೇನೆ ಎಂದು ಹೆದರಿಸಿ, ಇಳಿದು ಹೊಸ ಮನೆಯ ಕಡೆ ಓಡಿದಳು.

ಹಯಾತ್ ಸಾಬ್ ಕೇಳಿದ್ದು ಒಂದೇ ಮಾತು, ಹಿಡಿತ ಸಿಕ್ಕೈತಾ ಎಂದು. ಏಣಿಯ ಒಂದು ತುದಿ ಅವನ ಹೆಗಲಿಗೆ, ಇನ್ನೊಂದು ಅವಳ ಕೈಗೆ. ಇಬ್ಬರೂ ಓಡುತ್ತಲೇ ಬಂದರು. ಏಣಿಯನ್ನು ಗೋಡೆಗೆ ಒರಗಿಸಿ, ಬುಡಕ್ಕೆ ಕಲ್ಲು ಕೊಟ್ಟು, ಚಪ್ಪಲಿ ಬಿಟ್ಟು, ಒದ್ದೆ ಗೋಣಿಚೀಲ ಹೆಗಲ ಮೇಲೆ ಹಾಕಿಕೊಂಡು ಹತ್ತಿದ. ನೀನು ಅಟ್ಟಕ್ಕೆ ಹೋಗು, ನಾನು ಹೇಳಿದಾಗ ಹಗ್ಗವನ್ನು ಒಂದೊಂದೇ ಮೊಳ ಸಡಿಲ ಬಿಡು ಎಂದ.

ಅಟ್ಟದಿಂದ ನಾಗುವಿಗೆ ಮಾತು ಮಾತ್ರ ಕೇಳುತ್ತಿತ್ತು. ಅಜ್ಜನ ದನಿ ಜೋರಾಗಿತ್ತು. ನೀನು ಹೋದ ವರ್ಷ ಹೊದಿಸಿದ ಹೆಂಚು ಒಂದೂ ಸರಿಯಿಲ್ಲ ಎಂದು ಹಯಾತ್ ಸಾಬ್‌ಗೆ ಬೈಯುತ್ತಿದ್ದ. ಕೋತಿ ಎತ್ತುವ ಹಾಗೆ ಹೆಂಚು ಹಾಕುತ್ತಾರೇನು ಎಂದು ಕೇಳುತ್ತಿದ್ದ. ಹೌದು ಯಜಮಾನ್ರೇ, ಎಡಗಾಲು ಕೆಳಗಿಡ್ರಿ, ಅಲ್ಲಿ, ಗೋಣಿ ಮೇಲೆ, ಇನ್ನು ಕೈ ಬಿಡ್ರಿ ಎನ್ನುತ್ತಿದ್ದ ಸಾಬ್.

ಕೈ ಬಿಡಲಿಲ್ಲ.

ಅದು ನಾಗುವಿನ ಮುಖದ ಎದುರೇ ಇತ್ತು. ಉಗುರುಗಳು ಬೆಳ್ಳಗಾಗಿದ್ದವು. ಬೆರಳುಗಳು ರೀಪನ್ನು ಕಚ್ಚಿ ಹಿಡಿದಿದ್ದವು. ಹೊರಗೆ ಅದೇ ಅಜ್ಜ, ನಾನು ಬಿಡ್ತೀನಿ, ನೀನು ಮೊದಲು ಸರಿಯಾಗಿ ನಿಂತ್ಕ ಎಂದು ಗದರುತ್ತಿದ್ದ. ನಾಗು ಒಮ್ಮೆ ಕಿಂಡಿಯ ಕಡೆ, ಒಮ್ಮೆ ಕೈಯ ಕಡೆ ನೋಡಿದಳು. ಆ ದನಿ, ಈ ಕೈ ಎರಡೂ ಒಬ್ಬನವೇ ಅಂತ ಅನ್ನಿಸಲಿಲ್ಲ.

ಅವಳು ಹಗ್ಗವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದನ್ನು ಆ ಬೆರಳುಗಳ ಮೇಲಿಟ್ಟಳು.

"ಬಿಡು ಅಜ್ಜ," ಎಂದಳು ಮೆಲ್ಲಗೆ. "ಹಗ್ಗ ನನ್ನ ಕೈಯಾಗೈತೆ."

ಹೊರಗೆ ಬೈಗುಳ ನಿಂತಿತು. ಮೊದಲು ಕಿರುಬೆರಳು ಬಿಟ್ಟಿತು. ಆಮೇಲೆ ಉಳಿದವು.

ಕತ್ತಲಾಗುವ ಮುಂಚೆ ಹರಿಹರದಿಂದ ಎಲ್ಲರೂ ಬಂದರು. ಅಜ್ಜಿ ಅಂಗಳದಲ್ಲಿ ಬಿದ್ದ ಹೆಂಚಿನ ಚೂರು ನೋಡಿ, ಹತ್ತಿದ್ನಾ ಎಂದು ನಾಗುವನ್ನು ಕೇಳಿದಳು. ನಾಗು ಬಾಯಿ ತೆರೆಯುವ ಮುಂಚೆ ಅಜ್ಜನೇ, "ಹತ್ತಿದ್ದೆ. ಇಳಿದೆ," ಎಂದ. ಅಜ್ಜಿಯ ಬೈಗುಳ ಊಟದ ತನಕ ನಡೆಯಿತು. ಅಜ್ಜ ಏಣಿಯ ಮಾತೂ ಎತ್ತಲಿಲ್ಲ, ನಾಗು ದಿಂಬಿನ ಮಾತೂ ಎತ್ತಲಿಲ್ಲ. ತಮ್ಮ ಹೊಳೆಯ ಕತೆ ಹೇಳುತ್ತಲೇ ಇದ್ದ. ಅವಳು ಅರ್ಧ ಕೇಳಿಸಿಕೊಂಡಳು.

ಭಾನುವಾರ ಬಿಸಿಲೇರಿದ ಮೇಲೆ ಹಯಾತ್ ಸಾಬ್ ಬಂದು ಹೆಂಚು ಸರಿ ಮಾಡಿ ಹೋದ. ಏಣಿ ಹಿತ್ತಲ ಗೋಡೆಗೇ ಒರಗಿತ್ತು. ಅದನ್ನು ಒಳಗೆ ತಂದಿಡು, ಕಣ್ಣಿಗೆ ಬಿದ್ದರೆ ಮತ್ತೆ ಹತ್ತುತ್ತಾನೆ ಎಂದು ಅಜ್ಜಿ ಅಡಿಗೆಮನೆಯಿಂದ ಹೇಳಿದಳು.

ನಾಗು ಹೋಗಿ ಏಣಿಗೆ ಕೈ ಹಾಕಿದಳು. ಹಾಕಿದ ಕೈಯನ್ನು ಹಾಗೇ ನಿಲ್ಲಿಸಿ ಮುಖ ಮೇಲೆತ್ತಿದಳು.

"ಮ್ಯಾಲೆ ಯಾರಾರ ಅದೀರಾ?"

ಬೇಲಿಯಾಚೆ ಇಬ್ಬರು ಹುಡುಗರು ಕಿಸಕ್ಕೆಂದರು. ಒಳಕೋಣೆಯ ಮಂಚದಿಂದ ಅಜ್ಜನ ದನಿ ಬಂತು.

"ನಾನಿಲ್ಲಿ ಅದೀನಿ. ತಗಂಡ್ ಬಾ."

ನಾಗು ಆದರೂ ಬೀದಿ ಕಡೆಗೆ ಹೋಗಿ ಆ ಇಳಿಜಾರನ್ನೂ ಒಮ್ಮೆ ನೋಡಿದಳು. ಒಂದು ಕೋತಿ ಕೂತಿತ್ತು. ವಾಪಸ್ ಬಂದು ಏಣಿ ಎತ್ತಿಕೊಂಡಳು.