ನಾಲ್ಕನೆಯ ಫೈಲ್

ಸ್ಪ್ಯಾನರ್ ನನ್ನ ಬಲಗಿವಿಯ ಪಕ್ಕದಲ್ಲೇ ಇತ್ತು.

"ಅಲುಗಾಡಿದ್ರೆ ತಲೆ ಹೋಳಾಗುತ್ತೆ!"

ಅಲುಗಾಡುವ ಶಕ್ತಿ ಯಾರಿಗಿತ್ತು ಹೇಳಿ? ಐವತ್ತನಾಲ್ಕು ವರ್ಷ, ಬೆನ್ನುನೋವು, ಮೂರು ಮಹಡಿ ಹತ್ತಿ ಬಂದಿದ್ದೆ. ಹಳೇ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಇಂಥ ರೌಡಿಗಳನ್ನು ನೋಡಿ ನೋಡಿ ಸಾಕಾಗಿದೆ.

ಮನೆ ಟೈಲರಮ್ಮನದು. ಅವಳ ತಮ್ಮ ಕಾರ್ಖಾನೆಯಲ್ಲಿ ಬಾಯ್ಲರ್ ಆಪರೇಟರ್. ಬಾಯ್ಲರ್ ಸಿಡಿದು ಇಬ್ಬರು ಸತ್ತರು. ತಪ್ಪೆಲ್ಲ ತಮ್ಮನ ತಲೆಗೆ ಕಟ್ಟಿ ಜೈಲಿಗೆ ತಳ್ಳಿದರು. ಒತ್ತಡ ಹೆಚ್ಚಾದರೆ ತೆರೆದುಕೊಳ್ಳಬೇಕಾದ ಸೇಫ್ಟಿ ವಾಲ್ವ್‌ಗೆ, ತೆರೆಯದಂತೆ ತಂತಿ ಬಿಗಿಸಿದ್ದು ಮ್ಯಾನೇಜರ್. ತಮ್ಮ ಅದರ ಫೋಟೋ ತೆಗೆದು ಈ ಕಂಪ್ಯೂಟರ್‌ನಲ್ಲಿ ಬಚ್ಚಿಟ್ಟಿದ್ದ. ಬೇರೆ ಕಾಪಿ ಇಲ್ಲ.

ಹುಡುಕಲು ಕೂತಿದ್ದೆನಷ್ಟೆ... ಬಾಗಿಲು ಒದ್ದುಕೊಂಡು ಬಂದ, ಮ್ಯಾನೇಜರನ ಭಾಮೈದ!

"ಕಂಪ್ಯೂಟರನ್ನೇ ಹೊತ್ಕೊಂಡು ಹೋಗಪ್ಪ," ಎಂದೆ.

"ನಾಳೆ ಪೊಲೀಸ್ರು ತಗೊಂಡು ಹೋಗ್ತಾರೆ. ಡಬ್ಬಾ ಇರ್ಬೇಕು, ಫೋಟೋ ಇರ್ಬಾರ್ದು. ಏಳೋ ಮೇಲೆ!"

ಅವನೇ ಕೂತ. ತಮ್ಮನ ಫೋಲ್ಡರ್ ತೆರೆದ. ಬರೀ ಮದುವೆ ಫೋಟೋಗಳು. ಎಲ್ಲವನ್ನೂ ಸೆಲೆಕ್ಟ್ ಮಾಡಿದ.

ಹಳೇ ವಿಂಡೋಸ್‌ಗೆ ಬಾಯಿ ಬಿಗಿ ಇಲ್ಲ ಸ್ವಾಮಿ! ತಕ್ಷಣ ಒಂದು ಸೂಚನೆ ಎದ್ದು ನಿಂತಿತು. ಇಲ್ಲಿ ನಾಲ್ಕು ಹಿಡನ್ ಫೈಲುಗಳಿವೆ, ನೋಡಬೇಕಾದರೆ ಟೂಲ್ಸ್ ಮೆನುಗೆ ಹೋಗಿ ಎಂದು ದಾರಿಯನ್ನೂ ತೋರಿಸಿತು.

ಟೈಲರಮ್ಮ ಹೊಲಿಗೆ ಮೆಷೀನ್ ಹಿಡಿದುಕೊಂಡು ಕುಸಿದಳು.

ಅವನು ಮದುವೆ ಫೋಟೋ ಅಳಿಸಿದ. ಟೂಲ್ಸ್‌ಗೆ ಹೋದ. ಫೋಲ್ಡರ್ ಆಪ್ಷನ್ಸ್... ಹಿಡನ್ ಫೈಲ್ ತೋರಿಸು ಎಂಬಲ್ಲಿ ಒತ್ತಿದ. ಮಸುಕು ಮಸುಕಾಗಿ ಮೂರು ಫೋಟೋ ಕಾಣಿಸಿಕೊಂಡವು.

ವಾಲ್ವ್. ತಂತಿ. ಇಕ್ಕಳ ಹಿಡಿದು ಬಿಗಿಯುತ್ತಿದ್ದವನು... ಇವನೇ!

"ಚೆನ್ನಾಗೇ ಬಂದಿದೀನಿ," ಎಂದು ನಕ್ಕ.

ಒಂದೊಂದಾಗಿ ಮೂರನ್ನೂ ಡಿಲೀಟ್ ಮಾಡಿದ. ರೀಸೈಕಲ್ ಬಿನ್ ಖಾಲಿ ಮಾಡಿದ. ಜೇಬಿನಿಂದ ಪೆನ್ ಡ್ರೈವ್ ತೆಗೆದು, ಅಳಿಸಿದ್ದು ಮತ್ತೆ ಸಿಗದಂತೆ ಡಿಸ್ಕ್‌ನ ಖಾಲಿ ಜಾಗವನ್ನೆಲ್ಲ ಉಜ್ಜಿಹಾಕುವ ಪ್ರೋಗ್ರಾಂ ಓಡಿಸಿದ. ಒಂದೂವರೆ ಗಂಟೆ! ಯಾರೋ ಚೆನ್ನಾಗಿ ಪಾಠ ಹೇಳಿಕೊಟ್ಟಿದ್ದರು.

ನಾನು ಮನಸ್ಸಿನಲ್ಲೇ ಎಣಿಸಿದೆ. ಸೂಚನೆ ಹೇಳಿದ್ದು ನಾಲ್ಕು. ಅವನು ಅಳಿಸಿದ್ದು ಮೂರು.

"ಬಾಯಿ ಬಿಟ್ರೆ ಇಬ್ರೂ ಹೋಗ್ತೀರ!" ಎಂದು ಬೆದರಿಸಿ ಹೋದ.

"ಎಲ್ಲಾ ಹೋಯ್ತಲ್ಲಾ ಅಣ್ಣಾ... ನನ್ ತಮ್ಮ ಇನ್ನು ಹೊರಗೆ ಬರಲ್ಲ."

"ಅಳ್ಬೇಡಮ್ಮಾ. ಕುಡಿಯೋಕೆ ಸ್ವಲ್ಪ ನೀರು ಕೊಡು."

ಅದೇ ಆಪ್ಷನ್ಸ್ ತೆರೆದೆ. ಅವನು ಒತ್ತಿದ್ದಕ್ಕಿಂತ ಕೊಂಚ ಕೆಳಗೆ ಇನ್ನೊಂದು ಟಿಕ್ ಇರುತ್ತದೆ. ಸಿಸ್ಟಂ ಫೈಲುಗಳನ್ನು ಬಚ್ಚಿಡುವ ಟಿಕ್. ತೆಗೆದೆ. ವಿಂಡೋಸ್ ಹೆದರಿಸಿತು. ಇಷ್ಟು ಹೊತ್ತೂ ಹೆದರಿಸಿಕೊಂಡೇ ಕೂತವನಿಗೆ ಅದ್ಯಾವ ಲೆಕ್ಕ? ಯೆಸ್ ಒತ್ತಿದೆ.

ಬಂತು ನಾಲ್ಕನೆಯದು... ಥಂಬ್ಸ್ ಡಿಬಿ!

ಹಳೇ ವಿಂಡೋಸ್ ತಾನು ತೋರಿಸಿದ ಫೋಟೋಗಳ ಪುಟ್ಟ ನಕಲನ್ನು ಈ ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಫೋಟೋ ಅಳಿಸಿದರೂ ನಕಲು ಉಳಿಯುತ್ತದೆ. ನನ್ನ ಸಿಡಿಯಲ್ಲಿದ್ದ ಪ್ರೋಗ್ರಾಂನಿಂದ ಬಿಚ್ಚಿದೆ. ಅಂಚೆಚೀಟಿಯಷ್ಟು ಚಿತ್ರ. ವಾಲ್ವ್, ತಂತಿ, ಇಕ್ಕಳ, ಅವನ ಮೋರೆ. ಜೊತೆಗೆ ತಾರೀಕು. ಲಾಯರಿಗೆಂದು ಎರಡು ಕಾಪಿ ಮಾಡಿದೆ.

ಟೈಲರಮ್ಮ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು.

"ಮುಖ ಇಷ್ಟು ಚಿಕ್ಕದಾಗಿದ್ಯಲ್ಲ ಅಣ್ಣಾ... ಸಾಕಾಗುತ್ತಾ?"

"ಸದ್ಯಕ್ಕೆ ಸಾಕಮ್ಮಾ. ದೊಡ್ಡದನ್ನ ಅವನನ್ನ ಸ್ಟೇಷನ್ನಲ್ಲಿ ನಿಲ್ಸಿ ಪೊಲೀಸ್ರೇ ತೆಗೀತಾರೆ... ಮುಂದಿನಿಂದ ಒಂದು, ಪಕ್ಕದಿಂದ ಒಂದು!"