ಸೇತುವೆ ತಿರುವಿನಾಚೆಯ ಹಸಿರು

ಪಕ್ಕದಲ್ಲಿ ಬಂದು ಕೂತವನ ಮುಖವನ್ನು ನಾನು ನೋಡಲೇ ಇಲ್ಲ. ಮೊದಲು ಕಂಡದ್ದು ಅವನ ಹೆಬ್ಬೆರಳು. ರೇಸ್ ಶುರುವಾಗುವ ಮುಂಚೆ ಅದು ಗುಂಡಿಯನ್ನು ಎರಡು ಸಲ ಸುಮ್ಮನೆ ಸವರಿತು. ಇಡೀ ಕೊಂಡೆಲೆ ಬೀದಿಯಲ್ಲಿ ಹಾಗೆ ಸವರುತ್ತಿದ್ದವನು ಒಬ್ಬನೇ. 

"ಬದುಕಿದ್ದೀಯಾ?" ಅಂದೆ, ಟೀವಿಯಿಂದ ಕಣ್ಣು ಕೀಳದೆ.

"ನಿನ್ನ ಬಾಯೂ ಬದುಕಿದೆಯಲ್ಲ ಅಕೆಯೊ," ಅಂದ ಓಕುಮು.

ಹದಿನೆಂಟು ವರ್ಷಗಳ ಮೇಲೆ ಸಿಕ್ಕವರು ಆಡುವ ಮಾತೇ ಇದು? ನಾವು ಆಡಿದ್ದು ಅದನ್ನೇ.

ಅವತ್ತು ಭಾನುವಾರ. ಮುದುಕ ರಪೆಮೊ ತನ್ನ ಗೇಮ್ ಅಂಗಡಿ ಮುಚ್ಚಿ ಹಳ್ಳಿಗೆ ಹೊರಟಿದ್ದ. ಟೀವಿಗಳನ್ನು ಮಾರುವ ಮುಂಚೆ ಹಳೇ ಗಿರಾಕಿಗಳೆಲ್ಲ ಬಂದು ಒಂದೊಂದು ಆಟ ಆಡಿ ಹೋಗಲಿ ಅಂತ ಹೇಳಿ ಕಳಿಸಿದ್ದ. ನಾನು ಸಲೂನಿಗೆ ಬೀಗ ಜಡಿದು ಬಂದಿದ್ದೆ. ಮನೆಗೆ ಹೋಗಿ ಮಾಡುವುದಾದರೂ ಏನು? ದಿನವಿಡೀ ಹೆಂಗಸರ ತಲೆಗಳು ನನ್ನ ಕೈಯಲ್ಲಿರುತ್ತವೆ. ಜಡೆ ಹೆಣೆಯುತ್ತ ಎಲ್ಲರ ಸಂಸಾರದ ಕಥೆ ಕೇಳುತ್ತೇನೆ. ಸಂಜೆಯಾದರೆ ಅವರವರು ಅವರವರ ಮನೆಗೆ. ಒಬ್ಬಳಿಗಾಗಿ ಉಗಾಲಿ ಮುದ್ದೆ ತೊಳಸಿ ನೋಡಿ, ಅದು ಗಂಟಲಲ್ಲಿ ಇಳಿಯುವುದಿಲ್ಲ.

ಟೀವಿಯಲ್ಲಿ ಮೂರು ಸ್ವರದ ಸಂಗೀತ ಶುರುವಾಯಿತು. ನನ್ನದು ಕೆಂಪು ಕಾರು, ಅವನದು ನೀಲಿ. ಯಾವಾಗಲೂ ಹಾಗೆಯೇ.

ಆ ಆಟಕ್ಕೆ ಹೆಸರೂ ಇರಲಿಲ್ಲ. ಯಾರೋ ನಕಲು ಮಾಡಿ ಮಾರಿದ ಕ್ಯಾಸೆಟ್ಟು. ಮೇಲಿನ ಚಿತ್ರದಲ್ಲಿ ಹಳದಿ ಕಾರು, ಒಳಗೆ ಹುಡುಕಿದರೂ ಹಳದಿ ಕಾರಿಲ್ಲ. ಚಿಕ್ಕವಳಿದ್ದಾಗ ಇದಕ್ಕಿಂತ ಚೆಂದದ್ದು ಜಗತ್ತಿನಲ್ಲಿಲ್ಲ ಅಂದುಕೊಂಡಿದ್ದೆ. ಈಗ ನೋಡಿದರೆ ಎಂಥಾ ದರಿದ್ರ ಆಟ! ಎಡಕ್ಕೆ ಒತ್ತಿದರೆ ಕಾರು ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತದೆ. ನಿಂತಲ್ಲೇ ನಿಂತ ಕಾರಿನ ಟೈರೂ ಕಿರುಚುತ್ತದೆ. ಖಾಲಿ ರಸ್ತೆಯ ಪಕ್ಕ ಮರಗಳು ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತವೆ.

"ಥೂ, ಇದಕ್ಕಾ ನಾವು ಸ್ಕೂಲು ತಪ್ಪಿಸ್ತಿದ್ದಿದ್ದು?"

"ನೀನು ಇದಕ್ಕೆ ತಪ್ಪಿಸ್ತಿದ್ದೆ," ಅಂದ. "ನಾನಲ್ಲ."

ತಿರುಗಿ ನೋಡಿದೆ. ಅವನೂ ಅದೇ ಗಳಿಗೆಯಲ್ಲಿ ನನ್ನ ಕಡೆ ನೋಡಿದ್ದ. ಗಡ್ಡದಲ್ಲಿ ಒಂದೆರಡು ಬಿಳಿಕೂದಲು, ಕಣ್ಣು ಮಾತ್ರ ಹಳೆಯದೇ. ಆ ಕಣ್ಣು ನನ್ನ ಕಿವಿಯೋಲೆಯ ತನಕ ಬಂದು, ಕಳ್ಳತನ ಸಿಕ್ಕಿಬಿದ್ದ ಹಾಗೆ ಟೀವಿಗೆ ಓಡಿಹೋಯಿತು.

"ರಸ್ತೆ ನೋಡು," ಅಂದ.

"ನೋಡ್ತಿದ್ದೀನಿ. ಯಾವಾಗ ಹೊರಡ್ತೀಯಾ?"

"ನಾಳೆ ಬೆಳಗಿನ ಬಸ್ಸು. ಮೊಂಬಾಸಾಗೆ."

"ಹೆಂಡತಿ ಕಾಯ್ತಿರ್ತಾಳೆ ಪಾಪ."

"ಇದ್ದಿದ್ರೆ ಕಾಯ್ತಿದ್ಲು."

ನನ್ನ ಕಾರು ಹೋಗಿ ಮರಕ್ಕೆ ಗುದ್ದಿತು. ಓಕುಮು ನಗಲಿಲ್ಲ. ಕಾರು ನಿಧಾನ ಮಾಡಿ, ನಾನು ಬರುವ ತನಕ ಕಾದ.

ರಪೆಮೊನ ಅಂಗಡಿಯಲ್ಲಿ ಒಂದು ಕಾನೂನು: ಸೋತವರು ಎದ್ದು ಹೋಗಬೇಕು, ಹಿಂದಿನ ಬೆಂಚಿನಲ್ಲಿ ಕಾದವರು ಬಂದು ಕೂರಬೇಕು. ಆ ಕಾನೂನನ್ನು ಮುರಿಯುವ ದಾರಿಯನ್ನು ನಾವಿಬ್ಬರೇ ಕಂಡುಹಿಡಿದಿದ್ದೆವು. ಸೇತುವೆಯ ತಿರುವಿನಲ್ಲಿ ಒಂದು ಕಡೆ ಗೋಡೆ ಬರೀ ಬಣ್ಣ. ಆಟ ಮಾಡಿದ ಪುಣ್ಯಾತ್ಮ ಅದನ್ನು ಗಟ್ಟಿ ಮಾಡಲು ಮರೆತಿದ್ದ. ಮೆಲ್ಲಗೆ ಹೋದರೆ ಕಾರು ಗೋಡೆಯೊಳಗಿಂದ ತೂರಿ ಆಚೆ ಬರುತ್ತದೆ. ಆಚೆ ಬರೀ ಹಸಿರು. ರಸ್ತೆಯಿಲ್ಲ, ಮರವಿಲ್ಲ, ಮೂಲೆಯ ಗಡಿಯಾರವೂ ಅಲ್ಲಿ ನಿಂತುಬಿಡುತ್ತದೆ. ಇಬ್ಬರೂ ಅಲ್ಲಿ ಕಾರು ನಿಲ್ಲಿಸಿದರೆ ಯಾರೂ ಗೆಲ್ಲುವುದಿಲ್ಲ, ಯಾರೂ ಸೋಲುವುದಿಲ್ಲ, ಯಾರೂ ಏಳಬೇಕಾಗಿಲ್ಲ. ಹಿಂದೆ ಕಾದವರು ಬೈದು, ಕಡಲೆಕಾಯಿ ಸಿಪ್ಪೆ ಎಸೆದರೂ ನಾವು ಅಲ್ಲಾಡದೆ ಕೂತು ಹರಟುತ್ತಿದ್ದೆವು.

ನನಗೆ ಹದಿನೈದಾದ ವರ್ಷ ಓಕುಮು ಇದ್ದಕ್ಕಿದ್ದಂತೆ ಬರುವುದನ್ನು ಬಿಟ್ಟ. ದಾರಿಯಲ್ಲಿ ಕಂಡರೆ ತಲೆ ತಗ್ಗಿಸಿ ಆಚೆ ಬದಿಗೆ ಹೋಗುತ್ತಿದ್ದ. ಆಮೇಲೆ ನಕುರುವಿನ ಶಾಲೆ ಅಂದರು, ಬಂದರಿನಲ್ಲಿ ಕೆಲಸ ಅಂದರು. ನಾನು ಏನು ತಪ್ಪು ಮಾಡಿದೆ ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಂಡೆ. ಬಂದ ಸಂಬಂಧಗಳಿಗೆಲ್ಲ ಒಂದಲ್ಲ ಒಂದು ಕೊಂಕು ತೆಗೆದೆ. ಇವನನ್ನು ಪ್ರೀತಿಸಿದ್ದೆ, ಅಷ್ಟೇ. ಆ ಜಾಗಕ್ಕೆ ಇನ್ನೊಬ್ಬರನ್ನು ತಂದು ಕೂರಿಸಲು ನನ್ನ ಕೈಲಾಗಲಿಲ್ಲ.

ಸೇತುವೆ ಬಂತು. ಎರಡು ಕಾರುಗಳೂ ತಾವಾಗಿಯೇ ನಿಧಾನವಾದವು, ಗೋಡೆಯನ್ನು ದಾಟಿ ಹಸಿರಿನಲ್ಲಿ ನಿಂತವು. ಟೈರು ಮಾತ್ರ ಕಿರುಚುತ್ತಲೇ ಇತ್ತು.

"ಯಾಕೆ ಹೋದೆ?" ಅಂದೆ. ಕೇಳಬಾರದು ಅಂದುಕೊಂಡೇ ಕೂತಿದ್ದೆ. ನನ್ನ ಬಾಯಿ ಯಾವತ್ತು ನನ್ನ ಮಾತು ಕೇಳಿದೆ?

ಓಕುಮುವಿನ ಹೆಬ್ಬೆರಳು ಗುಂಡಿಯನ್ನು ಮತ್ತೆ ಎರಡು ಸಲ ಸವರಿತು.

"ಇನ್ನೇನು ಮಾಡ್ಲಿ? ತಂಗಿ ಅಂತ ಗೊತ್ತಾಯ್ತು. ಗೊತ್ತಾದ ಮೇಲೂ ಮನಸ್ಸು ಕೇಳ್ಬೇಕಲ್ಲ? ಕೇಳ್ಲಿಲ್ಲ. ಅದಕ್ಕೇ ಊರು ಬಿಟ್ಟೆ."

"ಯಾರೋ ನಿನ್ನ ತಂಗಿ?"

"ನೀನೇ. ನಿಮ್ಮ ಮೂಲಮನೆ ಅಹೆರೊದಲ್ಲಿ, ನಮ್ಮದೂ ಅಲ್ಲೇ. ಒಂದೇ ಕುಲ. ನಿಮ್ಮಪ್ಪ ನನಗೆ ದೊಡ್ಡಪ್ಪನ ಲೆಕ್ಕ."

"ಅವರು ನನ್ನಪ್ಪ ಅಲ್ವೋ ಪೆದ್ದ!" ನನ್ನ ದನಿಗೆ ಅಂಗಡಿಯೇ ತಿರುಗಿ ನೋಡಿತು. "ನನ್ನ ದೊಡ್ಡಮ್ಮನ ಗಂಡ ಅವರು. ನಾನು ಮಗುವಾಗಿದ್ದಾಗ್ಲೇ ನಮ್ಮಪ್ಪ-ಅಮ್ಮ ತೀರ್ಕೊಂಡ್ರು. ದೊಡ್ಡಮ್ಮ ಕರ್ಕೊಂಡು ಬಂದು ಸಾಕಿದ್ರು. ನನ್ನ ಕುಲಾನೇ ಬೇರೆ, ನಮ್ಮಪ್ಪನ ಮನೆ ಸಿಯಾಯಾ ಕಡೆ!"



"ನಾನು ಕೇಳಿದ್ದೆ," ಅಂದ ಮೆಲ್ಲಗೆ. "ಕೇಳದೆ ಮನಸ್ಸು ಕೊಡೋಕೆ ನಾನೇನು ಹುಚ್ಚನಾ? ನಿಮ್ಮ ಗೇಟಿನ ಹತ್ರ ನಿಂತ್ಕೊಂಡು ನಿಮ್ಮಮ್ಮನ್ನೇ ಕೇಳಿದ್ದೆ. ಆಂಟಿ, ಅಕೆಯೊ ಯಾರ ಮನೆ ಮಗಳು ಅಂತ. 'ನಮ್ಮನೆ ಮಗಳು, ಇನ್ಯಾರ ಮನೆಯವಳು' ಅಂದ್ರು."

ನಮ್ಮಲ್ಲಿ ಹುಡುಗಿಯನ್ನು ಎರಡನೇ ಸಲ ನೋಡುವ ಮುಂಚೆ ಅವಳ ಮನೆ ಯಾವುದು ಅಂತ ಕೇಳುತ್ತಾರೆ. ಕುಲ ಒಂದೇ ಆದರೆ ಒಡಹುಟ್ಟಿದವರೇ, ಅಲ್ಲಿಗೆ ಮಾತು ಮುಗಿಯಿತು. ಓಕುಮು ಕೇಳಬೇಕಾದ್ದನ್ನೇ ಕೇಳಿದ್ದ. ದೊಡ್ಡಮ್ಮನಿಗೆ ಹೆತ್ತ ಮಕ್ಕಳಿಲ್ಲ. ನನ್ನನ್ನು ಯಾರಾದರೂ ತಬ್ಬಲಿ ಅಂದರೆ ಸೌಟು ಹಿಡಿದು ಜಗಳಕ್ಕೆ ಹೋಗುತ್ತಿದ್ದರು. ಅವರನ್ನು ನಾನು ಅಮ್ಮ ಅಂತಲೇ ಕರೆಯುವುದು. ಗೇಟಿನಲ್ಲಿ ನಿಂತ ಹುಡುಗನಿಗೆ ಅವರು ಬೇರೇನು ಹೇಳಿಯಾರು?

"ಈಗ ಗೊತ್ತಾಯ್ತಲ್ಲ," ಅಂದೆ. "ನಾಳೆಯ ಬಸ್ಸು ಬಿಡ್ತೀಯಾ?"

"ಈ ಜನ್ಮದ ಬಸ್ಸೆಲ್ಲ ಬಿಡ್ತೀನಿ ಅಕೆಯೊ. ಆದ್ರೆ ನಮ್ಮ ಹಿರಿಯರು ನಂಬಲ್ಲ. ಮಗಳು ಮಗಳು ಅಂತ ನಿಮ್ಮಮ್ಮ ಇಡೀ ಅಹೆರೊಗೆ ಸಾರಿಟ್ಟಿದ್ದಾರೆ. ಅಲ್ಲ ಅಂತ ಅವರೇ ಹೇಳ್ಬೇಕು. ಬೇರೆ ಯಾರು ಹೇಳಿದ್ರೂ ನಡೆಯಲ್ಲ."

ನಾನು ಫೋನು ಕೈಗೆತ್ತಿಕೊಂಡೆ, ಮತ್ತೆ ಮಡಿಲಲ್ಲಿಟ್ಟುಕೊಂಡೆ. ನನಗೆ ಈ ಗಂಡಸು ಬೇಕಿತ್ತು. ಹಸಿದವರಿಗೆ ಅನ್ನ ಬೇಕಾಗುವ ಹಾಗೆ ಬೇಕಿತ್ತು. ಆದರೆ ನಾನು ಮಗಳಲ್ಲ ಅಂತ ಆ ಹೆಂಗಸಿನ ಬಾಯಿಂದಲೇ ಹೇಳಿಸುವುದೇ?

"ಬೇಡ ಅಂದ್ರೆ ಬೇಡ," ಅಂದ ಓಕುಮು. "ನಾನು ಬೇಜಾರು ಮಾಡ್ಕೊಳ್ಳಲ್ಲ."

"ಸುಳ್ಳು ಹೇಳ್ಬೇಡ."

"ಸರಿ, ಮಾಡ್ಕೋತೀನಿ."

ನಂಬರು ಒತ್ತಿದೆ. ಅವನಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದೆ.

"ಬಂತಾ ಅಮ್ಮನ ನೆನಪು?" ಶುರುವಾಯಿತು ಆ ಕಡೆಯಿಂದ. "ಹೋದ ಭಾನುವಾರವೂ ಬರ್ಲಿಲ್ಲ. ಮೀನು ಒಣಗಿಸಿಟ್ಟಿದ್ದೆ, ಬೆಕ್ಕು ತಿಂದ್ಕೊಂಡು ಹೋಯ್ತು. ಊಟ ಆಯ್ತಾ? ಆಗಿರಲ್ಲ, ನಂಗೊತ್ತು."

"ಅಮ್ಮಾ, ಓಕುಮು ಬಂದಿದ್ದಾನೆ."

"ಯಾವ ಓಕುಮು? ಆ ಗೇಮ್ ಅಂಗಡಿ ಹುಡುಗನಾ?"

"ಹ್ಞೂಂ. ಹಿಂದೆ ಒಂದ್ಸಲ ಗೇಟಿನ ಹತ್ರ ನಿಂತು, ನಾನು ಯಾರ ಮನೆ ಮಗಳು ಅಂತ ನಿನ್ನ ಕೇಳಿದ್ನಂತೆ."

"ಕೇಳಿದ್ದ. ನಮ್ಮನೆ ಮಗಳು ಅಂದೆ. ಮತ್ತೇನು ಅನ್..."

ಮಾತು ಅಲ್ಲಿಗೇ ನಿಂತಿತು. ಆ ಕಡೆ ಕೋಳಿಗಳು ಕೊಕ್ಕೊಕ್ಕೋ ಅನ್ನುವುದಷ್ಟೇ ಕೇಳುತ್ತಿತ್ತು.

"ಅಯ್ಯೋ ದೇವರೇ," ಅಂದರು. "ಅದಕ್ಕಾ ಅವನು ಕೇಳಿದ್ದು?"

ನಾನು ಫೋನನ್ನು ಮುಖದ ಹತ್ತಿರ ತಂದುಕೊಂಡೆ.

"ಅದಕ್ಕಾ ನೀನು ಬಂದವರನ್ನೆಲ್ಲ ಬೇಡ ಬೇಡ ಅಂದಿದ್ದು? ನಂಗೆ ಒಂದು ಮಾತು ಹೇಳೋಕೆ ಏನಾಗಿತ್ತೇ ನಿಂಗೆ? ಊರೋರಿಗೆಲ್ಲ ಉದ್ದ ನಾಲಿಗೆ, ನನ್ನ ಮುಂದೆ ಮೂಗಿ!" ಮೂಗು ಸೀಟಿಕೊಂಡ ಸದ್ದಾಯಿತು. "ಅವನಿದ್ದಾನಾ ಅಲ್ಲಿ?"

"ಇದ್ದೀನಿ ಆಂಟಿ," ಅಂದ ಓಕುಮು, ಮೇಷ್ಟ್ರು ಕೂಗಿದವನ ಹಾಗೆ ಬೆಂಚಿನಿಂದೆದ್ದು ನಿಂತು.

"ಕೇಳಿಸ್ಕೋ. ಎರಡನೇ ಸಲ ಹೇಳೋ ಶಕ್ತಿ ನಂಗಿಲ್ಲ." ದೊಡ್ಡಮ್ಮ ದನಿ ಗಟ್ಟಿ ಮಾಡಿಕೊಂಡರು. "ಅಕೆಯೊ ನಮ್ಮನೆ ಮಗಳಲ್ಲ. ನಮ್ಮ ಕುಲದವಳಲ್ಲ. ಅವಳನ್ನ ಹೆತ್ತವಳು ನನ್ನ ತಂಗಿ, ಅವಳಪ್ಪ ಸಿಯಾಯಾದ ಒಲಾಲ್. ಅವಳ ಚಿಕ್ಕಪ್ಪಂದಿರು ಅಲ್ಲೇ ಇದ್ದಾರೆ. ನಿನ್ನ ಹಿರಿಯರನ್ನ ಕರ್ಕೊಂಡು ಆ ಬಾಗಿಲಿಗೆ ಹೋಗು. ಹೆಣ್ಣು ಕೇಳೋಕೆ ನನ್ನ ಬಾಗಿಲಿಗೆ ಬರ್ಬೇಡ. ಯಾರಾದ್ರೂ ಎದುರು ಮಾತಾಡಿದ್ರೆ ನನ್ನ ಕರಿ. ಎಲ್ಲರ ಮುಂದೆ ನಿಂತು ಇದನ್ನೇ ಹೇಳ್ತೀನಿ."

ಎರಡನೇ ಸಲ ಹೇಳುವ ಶಕ್ತಿಯಿಲ್ಲ ಅಂದವರು, ಊರ ಮುಂದೆ ಹೇಳುತ್ತೇನೆ ಅನ್ನುತ್ತಿದ್ದರು. ಓಕುಮು ತೋಳಿನಿಂದ ಕಣ್ಣೊರೆಸಿಕೊಂಡ. ಅವನ ಇನ್ನೊಂದು ಕೈ ನನ್ನ ಕೈಯನ್ನು ಹುಡುಕಿ ಬಂತು. ನಾನು ಹಿಡಿದುಕೊಂಡೆ.

"ಅಮ್ಮಾ," ಅಂದೆ.

"ಶ್! ಅಮ್ಮ ಅನ್ಬೇಡ್ವೇ ಈಗ," ಅಂದರು ದೊಡ್ಡಮ್ಮ, ಅಳು ನುಂಗಿಕೊಂಡು, ಗುಟ್ಟಿನ ದನಿಯಲ್ಲಿ. "ಹುಡುಗ ಕೇಳಿಸ್ಕೋತಾನೆ."